ಎಡಗಡೆಯ ನಾಲ್ಕನೆಯ ಬೆಂಚು

ಯಾರಾದರೂ ಕೇಳಿದರೆ ಸುಲಭದ ಉತ್ತರಗಳಿವೆ.
ಒಳಗೆ ಮೇಣದ ಬಿಸಿ,
ಹೊರಗೆ ದೋರು ನದಿಯ ಬಾಯಿಂದ ಮೂಳೆ ಎಣಿಸುವ ಗಾಳಿ.
ಅಮ್ಮನಿಗೆ ಕೊಟ್ಟ ಮಾತು ಎಂದೂ ಅನ್ನಬಹುದು.
ಸತ್ತವರ ಹೆಸರು ಹೇಳಿದರೆ ಮುಂದೆ ಯಾರೂ ಕೇಳುವುದಿಲ್ಲ.

ಆದರೆ ಇಂದು, ಫಾದರ್ ಹೊರಬರುವ ಮುನ್ನ,
ಮಂಡಿಯೂರುವ ಹಲಗೆಗೆ ಒಂದೇ ಮೊಣಕಾಲು ಕೊಟ್ಟು
(ಇನ್ನೊಂದು ಮಡಚುವುದಿಲ್ಲ)
ಲೆಕ್ಕ ಒಪ್ಪಿಸುತ್ತೇನೆ.

ನಾನು ಬರುತ್ತಿದ್ದದ್ದು ನನ್ನ ತಮ್ಮನ ಬೆನ್ನು ನೋಡಲು.

ಹನ್ನೊಂದು ವರ್ಷ.
ಬೆಲ್ಮಿರು ಬಲಗಡೆ ಎರಡನೆಯ ಸಾಲು, ನಾನು ಎಡಗಡೆ ನಾಲ್ಕು.
ಅಪ್ಪನ ದೋಣಿ ಮಾರಿದ ದುಡ್ಡಲ್ಲಿ ಹೊಲಿಸಿದ್ದೆಂದು
ನಾನು ನಂಬಿರುವ ಕಂದು ಕೋಟು.
ಕೋಟು ನಾಲ್ಕು ಸಲ ಬದಲಾಗಿದೆ,
ನನ್ನ ನಂಬಿಕೆ ಬದಲಾಗಿಲ್ಲ.
ವಿಶ್ವಾಸ ಅಂದರೆ ಇದೇ ಇರಬೇಕು ಅಂದುಕೊಂಡಿದ್ದೆ.

ತಮ್ಮ ಪಾಪ ಕಳೆಯಲು ಬರುವವರಿದ್ದಾರೆ,
ನಾನು ಅವನದನ್ನು ಎಣಿಸಲು ಬಂದೆ.
ನನ್ನ ಪಾಪವೇ, ನನ್ನ ಪಾಪವೇ ಎಂದು
ಇಗರ್ಜಿಗೆ ಇಗರ್ಜಿಯೇ ಎದೆ ಬಡಿದುಕೊಳ್ಳುವಾಗ
ಮುಷ್ಟಿ ನನ್ನ ಎದೆಯ ಮೇಲೆ, ಕಣ್ಣು ಅವನ ಮುಷ್ಟಿಯ ಮೇಲೆ:
ನಿಜವಾಗಿ ಬಡಿದನೋ
ಕೋಟಿನ ಧೂಳು ಕೊಡವಿದನೋ.

ಆಮೇಲೆ ಸಾಲಿನಲ್ಲಿ ನಿಲ್ಲುತ್ತಾನೆ.
ಕಾಗದಕ್ಕೆ ಸಹಿ ಹಾಕಿದ ಅದೇ ಕೈ ಚಾಚಿ
ದೇವರನ್ನು ಈಸಿಕೊಳ್ಳುತ್ತಾನೆ.
ಆ ಬಿಳಿ ಬಿಲ್ಲೆ ಒಂದು ದಿನ ಅವನ ಗಂಟಲಲ್ಲಿ ನಿಲ್ಲಲಿ
ಎಂದು ಬೇಡಿದ್ದೇನೆ.
ಮನಸಾರೆ ಮಾಡಿದ ಪ್ರಾರ್ಥನೆ ಅಂದರೆ ಅದೊಂದೇ.
ನಾನು ಮಾತ್ರ ಏಳಲಿಲ್ಲ.
ಇಂಥ ಮನಸ್ಸಿಟ್ಟುಕೊಂಡು ಮುಟ್ಟಬಾರದು
ಎನ್ನುವಷ್ಟು ಧರ್ಮ ಉಳಿದಿತ್ತು,
ಅದರ ಬಗ್ಗೆ ಜಂಬವೂ.

ಬಟ್ಟೆ ಒಗೆಯುವ ತೊಟ್ಟಿಯ ಹೆಂಗಸರು
ಸೋಪಿನ ನೊರೆಯ ಕೈ ಎತ್ತಿ ನನ್ನನ್ನು ತೋರಿಸುತ್ತಿದ್ದರು:
ಅದೇರಿತುವನ್ನು ನೋಡಿ ಕಲಿಯಿರಿ,
ಒಂದು ಭಾನುವಾರ ತಪ್ಪಿಸಿದ್ದುಂಟೇ?

ಈ ತಪಸ್ಸುಕಾಲದ ಮೂರನೆಯ ಭಾನುವಾರ
ಅವನು ಏಳಲಿಲ್ಲ.
ಮೊಣಕಾಲು ಓರೆ ಮಾಡಿ ಪಕ್ಕದವರಿಗೆ ದಾರಿ ಬಿಟ್ಟು
ಕೂತೇ ಇದ್ದ.
ಹನ್ನೊಂದು ವರ್ಷ ಕಾದ ಮೀನು!
ಬಲೆ ಎಳೆದೆ, ಎಳೆದೆ,
ಬರೀ ನೀರಿನ ಭಾರ.

ಎಲ್ಲರೂ ಎದ್ದುಹೋದ ಮೇಲೆ ಉಳಿದವರು ನಾವಿಬ್ಬರು,
ಮತ್ತೆ ಯಾರದೋ ನಿದ್ದೆಹೋದ ಮಗು.
ನಡುವೆ ಬೇರೆ ಬೆನ್ನುಗಳಿಲ್ಲ.
ಆಗ ಕಂಡಿತು ಅವನ ಕತ್ತಿನ ಹಿಂದೆ ಬಿಳಿಯ ಗೆರೆ,
ನಾನು ಎಸೆದ ಗಾಳ ಸಿಕ್ಕಿಕೊಂಡ ಜಾಗ.
ನನಗೆ ಹನ್ನೆರಡು, ಅವನಿಗೆ ಒಂಬತ್ತು.
ರಕ್ತಕ್ಕೆ ಬನಿಯನ್ನು ಒತ್ತಿಕೊಂಡು ಮನೆಗೆ ಬಂದವನು
ಬಿದ್ದೆ ಎಂದ.
ಅಪ್ಪ ಎರಡು ಬಾರಿ ಕೇಳಿದ. ಬಿದ್ದೆ ಎಂದ.

ಇದನ್ನು ನಾನು ಲೆಕ್ಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಅವನು ಯಾಕೆ ಏಳಲಿಲ್ಲವೋ ನನಗೆ ಗೊತ್ತಿಲ್ಲ.
ಪಶ್ಚಾತ್ತಾಪವೋ,
ಬೆಳಿಗ್ಗೆ ತಡವಾಗಿ ರೊಟ್ಟಿ ತಿಂದಿದ್ದನೋ.
ಅಥವಾ ಕಾಲಲ್ಲಿ ಆಗಲೇ ಶಕ್ತಿ ಇರಲಿಲ್ಲವೋ.
ಮಂಗಳವಾರದಿಂದ ಪೋರ್ತುವಿನ ಆಸ್ಪತ್ರೆಯಲ್ಲಿದ್ದಾನಂತೆ.
ಅವನ ಹೆಂಡತಿ ಜುಲ್ಮೀರ ಮೀನಂಗಡಿಯಲ್ಲಿ
ನನಗೆ ಹೇಳಲಿಲ್ಲ,
ನನಗೆ ಕೇಳುವಷ್ಟು ಗಟ್ಟಿಯಾಗಿ ಇನ್ನೊಬ್ಬಳಿಗೆ ಹೇಳಿದಳು.

ಹಾಗಾಗಿ ಇಂದು ಬಲಗಡೆಯ ಎರಡನೆಯ ಸಾಲು ಖಾಲಿ.
ಗೊತ್ತಿದ್ದೇ ಗಡ್ಡ ಹೆರೆದೆ, ಬೂಟಿಗೆ ಎಣ್ಣೆ ಹಚ್ಚಿದೆ,
ಮೆಟ್ಟಿಲಲ್ಲಿ ಎರಡು ಕಡೆ ನಿಂತು ದಮ್ಮು ತೆಗೆದುಕೊಂಡು
ಬಂದು ಕೂತೆ.
ಚಟವೆನ್ನಲೇ? ಗಾಣದೆತ್ತು ಬಿಚ್ಚಿದ ಮೇಲೂ ಸುತ್ತುವ ಹಾಗೆ?
ಭಕ್ತಿ ಎನ್ನಲು ಬಾಯಿ ಬರುವುದಿಲ್ಲ.
ಆಸ್ಪತ್ರೆಗೆ ಹೋಗುವ ಬಸ್ಸೂ
ಇದೇ ಹೊತ್ತಿಗೆ ದಡದಿಂದ ಹೊರಡುತ್ತದೆ.
ಅದನ್ನು ಬಿಟ್ಟು ಇಲ್ಲಿಗೆ ಬಂದೆನೆಂದರೆ
ಇದೂ ಒಂದು ಅಡಗುವ ಜಾಗವೇ.

ಗಂಟೆ ಬಾರಿಸಿದರು. ಎಲ್ಲರೂ ಎದ್ದರು, ನಾನೂ.
ನನ್ನ ಪಾಪವೇ ಎಂದು ಶುರುವಾಯಿತು.
ಮುಷ್ಟಿ ಎತ್ತಿದೆ.
ಎಷ್ಟು ಜೋರಾಗಿ ಬಡಿಯಬೇಕೆಂದು
ನೋಡಿ ತಿಳಿಯಲು ಎದುರಿಗೆ ಯಾರೂ ಇರಲಿಲ್ಲ.